ಮಧ್ಯದ ಸೀಟು

ನಮ್ಮ ಮನೆಯಲ್ಲಿ ಹುಡುಗ ಹುಡುಗಿ ಒಪ್ಪಿದರೂ ಮನೆದೇವರ ಹತ್ತಿರ ಹೂ ಕೇಳದೆ ಮದುವೆಯ ಮಾತು ಮುಂದಕ್ಕೆ ಹೋಗುವುದಿಲ್ಲ. ಅಲ್ಲಿಯವರೆಗೆ ಅವರಿಬ್ಬರೇ ಎಲ್ಲಿಗೂ ಹೋಗುವ ಹಾಗೂ ಇಲ್ಲ. ಹೀಗಾಗಿ, ನನ್ನ ತಂಗಿಯನ್ನು ನೋಡಿ ಹೋಗಿದ್ದ ಹನೂರಿನ ಹುಡುಗ ನಮ್ಮೂರು ಕೊಳ್ಳೇಗಾಲದ ಟಾಕೀಸಿನಲ್ಲಿ ಒಂದು ಸಿನಿಮಾ ನೋಡೋಣವೇ ಎಂದು ಫೋನ್ ಮಾಡಿದಾಗ ಅವ್ವ ನನ್ನ ಮುಖ ನೋಡಿದಳು.

"ನೀನೂ ಓಗು ಜೊತೆಗೆ. ಮಧ್ಯದಲ್ಲಿ ಕೂತ್ಕೊ," ಅಂದಳು.

ನಾನು ಅಕ್ಕ. ಮೂವತ್ತೈದು ದಾಟಿದ, ಮದುವೆಯಾಗದ ಅಕ್ಕ. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಊರಿನ ಎಷ್ಟೋ ಮದುವಣಗಿತ್ತಿಯರ ಸೆರಗು ನನ್ನ ಬೆರಳು ದಾಟಿ ಹೋಗಿದೆ. ನನ್ನನ್ನು ನೋಡಲು ಬಂದ ಗಂಡುಗಳು ಒಂದೊಂದು ನೆಪ ಹೇಳಿ ಹೋದರು. ಆಮೇಲೆ ನೆಪ ಹೇಳುವುದಕ್ಕೂ ಯಾರೂ ಬರಲಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಅವ್ವ, ನಾನು, ತಂಗಿ ಮೂವರೇ. ತಂಗಿ ಯಳಂದೂರಿನ ಒಂದು ಸೈಬರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ದೊಡ್ಡವಳದು ಆಗದೆ ಚಿಕ್ಕವಳದು ಹೇಗೆ ಎಂದು ಅವ್ವ ಅವಳ ಮದುವೆಯನ್ನು ವರ್ಷಗಟ್ಟಲೆ ತಡೆದಿಟ್ಟಿದ್ದಳು. ಕೊನೆಗೆ ನಾನೇ, "ನಂಗೇನೂ ಬೇಜಾರಿಲ್ಲ, ಮಾಡವ್ವ" ಅಂದೆ. ಅಂದದ್ದು ಬಾಯಿ ಮಾತ್ರ.

ಸಿನಿಮಾ ತಮಿಳಿನಿಂದ ಡಬ್ ಆದದ್ದು. ಜ್ವರ ಬಿಟ್ಟು ಎದ್ದ ನಾಯಕನಿಗೆ ಹತ್ತಿರ ಕೂತವರ ಮನಸ್ಸಿನ ಮಾತು ಕೇಳಿಸತೊಡಗುತ್ತದೆ. ಅವನು ಮೊಬೈಲಿನಲ್ಲಿ ಪರಿಚಯವಾದ ಹುಡುಗಿಯರನ್ನು ಒಬ್ಬೊಬ್ಬರಾಗಿ ಕಾಫಿಗೆ ಕರೆಯುತ್ತಾನೆ. ಒಬ್ಬಳು ನಗುನಗುತ್ತಾ ಮಾತಾಡುತ್ತಲೇ ಒಳಗೊಳಗೆ ಅವನ ಮೂಗನ್ನು ಆಡಿಕೊಳ್ಳುತ್ತಿರುತ್ತಾಳೆ. ಇನ್ನೊಬ್ಬಳಿಗೆ ಬಿಲ್ ಬರುವ ಮುಂಚೆ ಇನ್ನೊಂದು ಕೇಕ್ ಹೇಳಬಹುದೇ ಎಂಬ ಚಿಂತೆ. ಜನ ನಗುತ್ತಲೇ ಇದ್ದರು. ನನ್ನ ಎಡಕ್ಕೆ ತಂಗಿ, ಬಲಕ್ಕೆ ಹನೂರಿನ ಹುಡುಗ. ಹನೂರಿನಲ್ಲಿ ಡ್ರಿಪ್ ಪೈಪಿನ ಅಂಗಡಿ ಇಟ್ಟವನು, ಮಾತು ಕಮ್ಮಿ. ಪಾಪ್‌ಕಾರ್ನ್ ಪೊಟ್ಟಣ ನನ್ನ ಮಡಿಲ ಮೇಲಿಂದ ಆಚೆ ಈಚೆ ಓಡಾಡುತ್ತಿತ್ತು. ಪ್ರತಿ ಸಲವೂ ಅವನು ಮೊದಲು ನನಗೇ ಹಿಡಿದು "ತಕಳ್ಳಿ ಅಕ್ಕಾ" ಅನ್ನುತ್ತಿದ್ದ. ಒಳ್ಳೆಯವನು. ಅದಕ್ಕೇ ನನಗೆ ಸಿಟ್ಟು. ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು!

ಸಿನಿಮಾದಲ್ಲಿ ನಾಯಕನಿಗೆ ಕೊನೆಗೊಬ್ಬಳು ಇಷ್ಟವಾಗುತ್ತಾಳೆ. ಅವಳ ಮನೆಯವರು ಜೊತೆಗೆ ಚಿಕ್ಕಮ್ಮನನ್ನು ಕಳಿಸುತ್ತಾರೆ. ದಪ್ಪ ಕನ್ನಡಕದ, ಮದುವೆಯಾಗದ ಚಿಕ್ಕಮ್ಮ. ಅವಳು ಬಂದು ಇಬ್ಬರ ನಡುವೆ ಕೂರುತ್ತಾಳೆ. ನಾಯಕ ಹುಡುಗಿಯ ಮನಸ್ಸಿಗೆ ಕಿವಿಗೊಟ್ಟರೆ ಕೇಳಿಸುವುದು ಚಿಕ್ಕಮ್ಮನದು: ಅಯ್ಯೋ, ನನ್ನನ್ನೂ ಯಾರಾದರೂ ಒಂದು ಸಲ ಕಾಫಿಗೆ ಕರೆದಿದ್ದರೆ! ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಕ್ಕಿತು. ಹನೂರಿನ ಹುಡುಗನೂ ನಕ್ಕ, ತಕ್ಷಣ ನಾಲಿಗೆ ಕಚ್ಚಿಕೊಂಡು ತಲೆ ತಗ್ಗಿಸಿದ. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ತಂಗಿ ಮಾತ್ರ ನಗಲಿಲ್ಲ. ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ನಾಯಕಿಗೆ ಅವನ ಗುಟ್ಟು ತಿಳಿದು ಜಗಳವಾಯಿತು. "ನಾನು ಬಾಯಿ ಬಿಟ್ಟು ಹೇಳಿದ್ದಕ್ಕೆ ಮಾತ್ರ ಉತ್ತರ ಕೊಡು" ಎಂದು ಅವಳು ಅವನಿಗೆ ಬೈದಳು. ಮುಂದಿನ ಕಥೆ ನನ್ನ ತಲೆಗೆ ಹೋಗಲಿಲ್ಲ.

ಮನೆಗೆ ನಡೆದು ಬರುವಾಗ ತಂಗಿ, "ಅಕ್ಕ, ಈ ಸಂಬಂಧ ಬ್ಯಾಡ ಅಂದ್ಬುಡ್ತೀನಿ" ಅಂದಳು.

"ಯಾಕಮ್ಮಿ? ನಿಂಗೆ ಇಷ್ಟ ಇಲ್ವಾ?"

"ಇಷ್ಟ ಅದ. ಆದ್ರೂ ಬ್ಯಾಡ."

ಯಾಕೆಂದು ನನಗೆ ಗೊತ್ತಾಯಿತು. ಗೊತ್ತಾಗಲು ಜ್ವರ ಬರಬೇಕಾಗಿರಲಿಲ್ಲ. ಹುಚ್ಚಿ, ನನಗೋಸ್ಕರ ಯಾಕೆ ಎಂದು ಆಗಲೇ ಗದರಬೇಕಿತ್ತು. ಆದರೆ ಮೊದಲು ನನ್ನೊಳಗೆ ಎದ್ದದ್ದು ಸಂತೋಷ. ಇವಳು ಹೋಗುವುದಿಲ್ಲ, ಇನ್ನೊಂದಷ್ಟು ವರ್ಷ ನನ್ನ ಪಕ್ಕದಲ್ಲೇ ಇರುತ್ತಾಳೆ ಎಂಬ ಸಂತೋಷ. ಅದರ ಹಿಂದೆಯೇ ನಾಚಿಕೆಯೂ ಬಂತು. ಬೇಗ ಬೇಗ ನಡೆದೆ.

ಹೂ ಕೇಳಲು ಯಳಂದೂರಿನಾಚೆಯ ನಮ್ಮ ಮನೆದೇವರಿಗೆ ಮೂವರೂ ಹೋದೆವು. ಪೂಜಾರಪ್ಪ ಲಿಂಗದ ಮೇಲೆ ನೀರು ಚಿಮುಕಿಸಿ ಎರಡೂ ಬದಿಗೆ ಹೂ ಅಂಟಿಸಿ ಗಂಟೆ ಬಾರಿಸಿದರು. ಬಲಗಡೆಯ ಹೂ ಬಿದ್ದರೆ ದೇವರ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಅವ್ವ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದಳು. ನಾನೂ ಕೈ ಮುಗಿದೆ. ಎಡಕ್ಕೆ ಬೀಳಲಿ ಎಂದು ಬೇಡಿಕೊಂಡೆ. ನನ್ನ ಸ್ವಂತ ತಂಗಿಯ ಮದುವೆ ಮುರಿಯಲಿ ಎಂದು ಹಣೆಗೆ ವಿಭೂತಿ ಹಚ್ಚಿಕೊಂಡೇ ಕೇಳಿದೆ.

ಹೂ ಬಲಕ್ಕೆ ಬಿತ್ತು.

ಆದರೂ ತಂಗಿ ಬೇಡ ಅಂದಳು. ಅವ್ವನಿಗೆ ದಿಕ್ಕು ತೋಚದೆ ತಡೆಯಲಾರದ ಸಿಟ್ಟು ಬಂತು. "ದೇವ್ರು ಬಲಗಡೆ ಕೊಟ್ಮೇಲೆ ಬ್ಯಾಡ ಅನ್ನಕ್ಕೆ ನೀನ್ಯಾರಮ್ಮಿ? ಯಳಂದೂರಲ್ಲಿ ಯಾವನ್ನಾರ ನೋಡ್ಕಂಡಿದ್ದಿಯಾ? ನಾಳೆಯಿಂದ ಕೆಲ್ಸಕ್ಕೆ ಓಗ್ಬ್ಯಾಡ!" ಎಂದು ಕೂಗಾಡಿದಳು. ತಂಗಿ ಪಾತ್ರೆ ತೊಳೆಯಲು ಎದ್ದು ಹೋದಳು. ಅವ್ವ ನನ್ನ ಕಡೆ ತಿರುಗಿ, "ನೀನಾರ ಕೇಳು, ಏನಂತೆ ಅವಳ ಮನ್ಸಲ್ಲಿ" ಅಂದಳು. "ನಂಗೇನ್ ಗೊತ್ತವ್ವ" ಅಂದು ಕುಚ್ಚಿನ ದಾರ ಎಳೆದೆ. ಅಷ್ಟು ಗಟ್ಟಿಯಾಗಿ ಎಳೆದಿದ್ದಕ್ಕೆ ಆ ಸೀರೆಯ ಸೆರಗೇ ಸುಕ್ಕುಗಟ್ಟಿತು. ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ಮಾರನೆಯ ದಿನ ಅವ್ವನ ಕಣ್ಣು ತಪ್ಪಿಸಿ ತಂಗಿ ಕೆಲಸಕ್ಕೆ ಹೋದಳು, ಹೋಗುವಾಗಲೇ ಹನೂರಿಗೂ ಫೋನ್ ಮಾಡಿ ಬೇಡ ಅಂದಿದ್ದಳು. ನಾನು ಸೂಜಿ ಹಿಡಿದು ಕೂತಿದ್ದಾಗ ಹನೂರಿನ ಹುಡುಗ ಫೋನ್ ಮಾಡಿದ. ಎಷ್ಟೋ ಹೊತ್ತು ತಡವರಿಸಿ, "ಅಕ್ಕಾ, ಅವತ್ತು ಸಿನ್ಮಾದಲ್ಲಿ ನಾನು ನಕ್ಕಿದ್ದು ತಪ್ಪಾಯ್ತು. ನಿಮ್ಮನ್ನ ಅಂದ್ಕಂಡು ನಗ್ನಿಲ್ಲ. ಅದಕ್ಕೇ ಬ್ಯಾಡ ಅಂದ್ರಾ?" ಅಂದ.

ನಾನೂ ನಕ್ಕಿದ್ದೆ, ಅವನಿಗಿಂತ ಜೋರಾಗಿ. ಅಪರಾಧವೆಲ್ಲ ನನ್ನದಾಗಿರುವಾಗ ಕ್ಷಮೆ ಕೇಳುತ್ತಿದ್ದವನು ಅವನು. "ನಿಂದೇನೂ ತಪ್ಪಿಲ್ಲ ಕಣಪ್ಪ" ಎಂದಷ್ಟೇ ಹೇಳಿ ಸೀರೆ ಮಡಿಸಿಟ್ಟು ಯಳಂದೂರಿನ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿಗೆ ತಂಗಿಯನ್ನು ಕರೆಸಿಕೊಂಡೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ: ನನಗೇನೂ ಬೇಜಾರಿಲ್ಲ, ನಾನು ಆರಾಮಾಗಿದ್ದೇನೆ, ನೀನು ಮದುವೆಯಾಗು. ಹೇಳಲು ಬಾಯಿ ತೆರೆಯುವ ಮೊದಲೇ ಅವಳು, "ನಾನು ಬಿಟ್ಟೋದ್ರೆ ನಿಂಗೆ ನೋವಾಗಕಿಲ್ವಾ? ದೇವ್ರಾಣೆ ಹೇಳಕ್ಕ" ಅಂದಳು.

ಅದನ್ನು ಅವಳು ಬಾಯಿ ಬಿಟ್ಟು ಕೇಳಿದ್ದಳು. ಜೋಡಿಸಿಟ್ಟ ಮಾತೆಲ್ಲ ಅಲ್ಲೇ ನಿಂತಿತು.

"ಆಯ್ತದ ಕಣಮ್ಮಿ," ಅಂದೆ. "ಬಾಳ ಆಯ್ತದ. ಹೂ ಎಡಕ್ಕೆ ಬೀಳ್ಲಿ ಅಂತ ಬೇಡ್ಕಂಡಿದ್ದೆ ನಾನು. ನೀನು ಬ್ಯಾಡ ಅಂದಾಗ ಖುಷಿ ಆಯ್ತು ನಂಗೆ. ನಿಂಗೆ ಅಕ್ಕ ಅನ್ನಿಸ್ಕಳಕ್ಕೆ ಲಾಯಕ್ಕಿಲ್ಲ ನಾನು."

ಬೈಯುತ್ತಾಳೆ ಅಂದುಕೊಂಡೆ. ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

"ನಾನೂ ಎಡಕ್ಕೇ ಬೇಡ್ಕಂಡೆ," ಅಂದಳು.

ಇಬ್ಬರಿಗೂ ನಗು ಬಂತು. ಇಬ್ಬರು ಸೇರಿ ಕೇಳಿದರೂ ದೇವರು ಕೊಟ್ಟಿರಲಿಲ್ಲ. ನಗುತ್ತಲೇ ಅವಳು ಅತ್ತಳು. "ನೀನು ಬೇಜಾರಿಲ್ಲ ಬೇಜಾರಿಲ್ಲ ಅಂದಾಗೆಲ್ಲ ನಂಗೆ ಭಯ ಆಯ್ತಿತ್ತು. ನೋವು ಅಂತ ನೀನೇ ಹೇಳಿದ್ರೆ ಬಂದು ಜೊತೇಲಿ ಕೂತ್ಕಬೋದು. ಹೇಳ್ದೆ ಇದ್ರೆ ಹೆಂಗ್ ಬಿಟ್ಟೋಗದು?" ಅಂದಳು. ಆಮೇಲೆ ದುಪಟ್ಟಾದಿಂದ ಮುಖ ಒರೆಸಿಕೊಂಡು, "ಬಾ, ಕಾಫಿ ಕುಡ್ಯಣ" ಎಂದು ನನ್ನ ಕೈ ಹಿಡಿದು ಹೋಟೆಲಿಗೆ ಎಳೆದುಕೊಂಡು ಹೋದಳು.

ನನ್ನನ್ನು ಕಾಫಿಗೆಂದು ಹೀಗೆ ಯಾರೂ ಕರೆದಿರಲಿಲ್ಲ. ಕುಡಿಯುವ ಯೋಗ್ಯತೆ ನನಗಿಲ್ಲ ಅನ್ನಿಸಿತು, ಆದರೂ ಕುಡಿದೆ. ಲೋಟ ಇಳಿಸುವ ಮೊದಲೇ ಅವಳು ಹನೂರಿಗೆ ಫೋನ್ ಹಚ್ಚಿದಳು. ಎದುರಿಗೆ ಕೂತು, ಅವಳು ಅವನಿಗೆ ಹೂಂ ಅಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ನಾನು ಹೇಳಿದ್ದ ಹಾಗೆಯೇ ನೋವಾಯಿತು.