ವರ ಹುಡುಕುವ ಶೇಖರಮ್ಮ ದುಭಾಷಿ ಹುಡುಕುತ್ತಾರೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಇರಕಲ್ಲಗಡದ ಅಂದಪ್ಪನ ಅಂಗಳದಲ್ಲಿ ಶೇಖರಮ್ಮ ಚಪ್ಪಲಿ ಬಿಡುತ್ತಿದ್ದಂತೆ ಒಳಗೆ ಗಡಿಬಿಡಿ ಶುರುವಾಗುತ್ತದೆ. ಕಂಬಳಿ ಹಾಸುತ್ತಾರೆ, ಉಪ್ಪಿಟ್ಟಿಗೆ ಒಗ್ಗರಣೆ ಬೀಳುತ್ತದೆ. ಮಗಳು ಸುರೇಖಾ ಮಾತ್ರ ಹಿತ್ತಲ ಬಾಗಿಲಿನಿಂದ ಮಾಯ.

ಮನೆಯವರ ತಪ್ಪೇನಿಲ್ಲ. ಭಾಗ್ಯನಗರದ ಶೇಖರಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸುತ್ತಿ ಸಂಬಂಧ ಕುದುರಿಸುವವರು. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಿದ್ದು ಇದೇ ತಿರುಗಾಟದಿಂದ. ಅವರು ಬಂದರೆಂದರೆ ಗಂಡು ತಂದಿದ್ದಾರೆ ಎಂದೇ ಅರ್ಥ.

“ಗಂಡು ತಂದಿಲ್ಲಪಾ ಅಂದಪ್ಪ,” ಎನ್ನುತ್ತಾರೆ. “ಕಿನ್ನಾಳಕ್ಕ ತಾಶ್ಕೆಂಟಿನ ಇಬ್ಬರು ಹೆಣ್ಣಮಕ್ಕಳು ಗೊಂಬಿ ಕೊಳ್ಳಾಕ ಬಂದಾರ. ಕೈಸನ್ನಿ ಮಾಡಿ ಮಾಡಿ ಗೊಂಬಿ ಮಾಡೋ ಕಾಶಿನಾಥ ಸೋತಾನ. ಇವತ್ತು ಮಧ್ಯಾಹ್ನ ಹೊಂಟು ಬಿಡತಾರಂತ. ವರ್ಷದ ದೊಡ್ಡ ಗಿರಾಕಿ ಕೈಬಿಡತೈತಿ.”

ಸುರೇಖಾ ಉಜ್ಬೆಕಿಸ್ತಾನದ ಸಮರಕಂದದಲ್ಲಿ ಡಾಕ್ಟರಕಿ ಓದಿ ಬಂದವಳು. ಆಸ್ಪತ್ರೆಯ ರೋಗಿಗಳಿಂದ ರಷ್ಯನ್, ಸಂತೆಯವರಿಂದ ಉಜ್ಬೆಕ್ ಕಲಿತವಳು. ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆಗೆಂದು ಈಗ ಮನೆಯಲ್ಲೇ ಓದುತ್ತಿದ್ದಾಳೆ.

ಶೇಖರಮ್ಮನಿಗೆ ದುಭಾಷಿ ಹುಡುಕುವ ಈ ಕೆಲಸ ಅಂಟಿದ್ದು ಗಂಗಾವತಿಯಲ್ಲಿ. ಅಕ್ಕಿ ಗಿರಣಿಯೊಂದಕ್ಕೆ ಯಂತ್ರ ಕೂಡಿಸಲು ಬಂದ ರಷ್ಯದ ಮೇಸ್ತ್ರಿಯ ಮಾತು ಯಾರಿಗೂ ತಿಳಿಯಲಿಲ್ಲ. ಯಾರ ಮಕ್ಕಳು ಎಲ್ಲಿ ಓದಿದ್ದಾರೆ, ಎಲ್ಲಿ ದುಡಿದು ಬಂದಿದ್ದಾರೆ ಎಂಬುದು ಇವರಿಗೆ ಬಾಯಿಪಾಠವಲ್ಲವೇ? ರಷ್ಯದಲ್ಲಿ ದುಡಿದು ಬಂದಿದ್ದ ಕುಷ್ಟಗಿಯ ರುದ್ರೇಶನನ್ನು ಕರೆತಂದರು. ಅವನು ಮಾತನ್ನೂ ತಿಳಿಸಿದ, ಯಂತ್ರದ ಪುಸ್ತಕವನ್ನೂ ಕನ್ನಡಕ್ಕೆ ಬರೆದುಕೊಟ್ಟ. ಅಂದಿನಿಂದ ವಾರಕ್ಕೆ ಒಂದೆರಡು ಕರೆ ಬರುತ್ತಲೇ ಇವೆ.

ಶೇಖರಮ್ಮನಿಗೆ ರಷ್ಯನ್ ಒಂದಕ್ಷರ ಬಾರದು. ಆದ್ದರಿಂದ ಮನೆಯ ಅಜ್ಜಿಯನ್ನು ಕೇಳುತ್ತಾರೆ: ಹೇಳಿ ಕಳಿಸಿದ ಮಾತನ್ನು ಹುಡುಗಿ ಹಾಗೇ ಮುಟ್ಟಿಸುತ್ತಾಳೋ, ತನ್ನದೂ ಸೇರಿಸುತ್ತಾಳೋ?

“ಹೆಣ್ಣಿನವರ ಮಾತಿಗೆ ನಾ ಒಂಚೂರು ಬೆಲ್ಲ ಹಚ್ಚೇ ಗಂಡಿನವರಿಗೆ ಮುಟ್ಟಸ್ತೇನ್ರಿ. ಈ ಕೆಲಸದಾಗ ಬೆಲ್ಲ ನಡೆಯಂಗಿಲ್ಲ,” ಎನ್ನುತ್ತಾರೆ ಶೇಖರಮ್ಮ.

ಅಂದಪ್ಪನ ತಾಯಿ ಕಳಕಮ್ಮ ನಗುತ್ತಾಳೆ. “ನಮ್ಮಾಕಿ ಬೈದದ್ದನ್ನ ಬೈದಂಗ ಹೇಳಿ ಬರತಾಳವಾ. ಅದಕ್ಕ ಓಣ್ಯಾಗ ಎಷ್ಟು ಜಗಳ ಆಗ್ಯಾವ.”

“ಹಂಗಾರ ಇಕಿನ ಬೇಕು,” ಎಂದು ಶೇಖರಮ್ಮ ಹಿತ್ತಲಿಗೇ ನಡೆಯುತ್ತಾರೆ. ಬಣವೆಯ ಹಿಂದೆ ದುಪಟ್ಟಾದ ಅಂಚು ಕಾಣುತ್ತಿದೆ.

“ಡಾಕ್ಟರವ್ವ, ನಿನ್ನ ಲಗ್ನಕ್ಕ ಬಂದಿಲ್ಲ. ಬರೇ ನಿನ್ನ ಬಾಯಿ ಬೇಕಾಗೇತಿ.”

“ದೇವರಾಣಿ ಮಾಡ್ರಿ, ಆಯಿ.”

“ದೇವರಾಣಿ. ಇವತ್ತಿನ ಮಟ್ಟಿಗೆ.”

ಕಿನ್ನಾಳದಲ್ಲಿ ಸುರೇಖಾ ಉಜ್ಬೆಕ್‌ನಲ್ಲಿ ನಮಸ್ಕಾರ ಹೇಳುತ್ತಾಳೆ. ಅತಿಥಿಗಳಿಬ್ಬರೂ ಚೀಲ ಕೆಳಗಿಟ್ಟು ಅವಳ ಕೈ ಹಿಡಿದುಕೊಳ್ಳುತ್ತಾರೆ. ಅವರು ಎರಡು ದಿನದಿಂದ ಕೇಳುತ್ತಿದ್ದದ್ದು ಇಷ್ಟೇ: ಇದೇ ಆನೆ, ಇದೇ ಬಣ್ಣ, ಅಂಗೈಯಷ್ಟು ಸಣ್ಣದಾಗಿ ಸಿಗುತ್ತದೆಯೇ? ಬಣ್ಣ ಹಿಡಿಸಿಲ್ಲವೆಂದುಕೊಂಡಿದ್ದ ಕಾಶಿನಾಥ ಹಣೆ ಬಡಿದುಕೊಳ್ಳುತ್ತಾನೆ. “ಇನ್ನೊಂದು ತಾಸು ತಡಾ ಆಗಿದ್ರ ಆನಿಗೆಲ್ಲ ಸುಣ್ಣಾ ಬಳೀತಿದ್ನೆವಾ!”

ಒಳಗೆ ವ್ಯಾಪಾರ ಕುದುರುವಾಗ ಶೇಖರಮ್ಮ ಹೊರಗಿನ ಕಟ್ಟೆಯ ಮೇಲೆ ಚಹಾ ಆರಿಸುತ್ತಿದ್ದಾರೆ. ಆಸೆ ಏನೆಂದು ಕೇಳಿದರೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ.

“ದೊಡ್ಡದೇನಿಲ್ರಿ. ನನ್ನ ಕಂಡ ಕೂಡ್ಲೆ ಹುಡುಗ್ಯಾರು ಹಿತ್ತಲಕ್ಕ ಓಡಬಾರದು. ಬಾಗಿಲದಾಗ ನಿಂತು, ‘ಆಯಿ, ಇವತ್ತು ಯಾವ ಊರಿನ ಮಾತು ಬೇಕಾಗೇತಿ?’ ಅಂತ ಕೇಳಬೇಕು.”