ರಾಕ್ಷಸನ ಕಾಲಡಿಯ ಬಾಗಿಲು

ಬಬಲೇಶ್ವರದಲ್ಲಿ ದೊಡ್ಡಾಟ ಕುಣಿಯುವ ಅಟ್ಟಕ್ಕೆ ಯಾರೂ ಹಲಗೆ ಕೊಳ್ಳುತ್ತಿರಲಿಲ್ಲ. ಆಟದ ದಿನ ಮನೆಮನೆಯ ಬಾಗಿಲು ಕಳಚಿ ತಂದು, ಸೊಂಟದೆತ್ತರದ ದಿಮ್ಮಿಗಳ ಮೇಲೆ ಮಲಗಿಸಿದರೆ ಅದೇ ನೆಲ. ಯಾವ ಬಾಗಿಲು ಎಲ್ಲಿಗೆ ಎಂದು ಆರಿಸುವವನು ಬಡಗಿ ಮೌಲಾಸಾಬ. ಗಣಪತಿ ಪೂಜೆಯಾಗುವ ನಡುಜಾಗಕ್ಕೆ ತಮ್ಮ ಬಾಗಿಲೇ ಬೀಳಬೇಕೆಂದು ಮೇಲೋಣಿಯವರೂ ಕೆಳಗಿನ ಓಣಿಯವರೂ ಬಡಿದಾಡಿ ತಲೆ ಒಡೆದುಕೊಂಡದ್ದುಂಟು. ಮೌಲಾಸಾಬನ ಮನೆ ಎರಡು ಓಣಿಗೂ ಸೇರದೆ ಊರ ಅಂಚಿನಲ್ಲಿತ್ತು. ಹಾಗಾಗಿ ಅವನ ಮಾತು ನಡೆಯುತ್ತಿತ್ತು.

ಅವನು ಬಾಗಿಲಿನ ಚಂದ ನೋಡುತ್ತಿರಲಿಲ್ಲ. ಎರಡು ಕಲ್ಲಿನ ಮೇಲೆ ಅದನ್ನಿಟ್ಟು ತಾನೇ ಬರಿಗಾಲಲ್ಲಿ ಮೂರು ಸಲ ಹಾರುತ್ತಿದ್ದ. ಮೂರನೆಯದಕ್ಕೆ ಮರ ನರಳಿದರೆ ಅದು ಹಿಂದೆ, ಮದ್ದಳೆಯವರು ಕೂರುವ ಜಾಗಕ್ಕೆ. ಈ ಹಟಕ್ಕೆ ಕಾರಣವಿತ್ತು. ಹತ್ತು ವರ್ಷದ ಹಿಂದೆ ಟಿಕೋಟಾದಲ್ಲಿ ಅವನು ಹಾಸಿದ ನೆಲ ಮುರಿದು, ವೇಷಗಾರ ಈರಯ್ಯನ ತೊಡೆಯ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ವಿಜಾಪುರದ ದವಾಖಾನೆಗೆ ಒಯ್ಯುವಾಗ ಚಕ್ಕಡಿಯಲ್ಲೇ, ಮೌಲಾಸಾಬನ ಮಡಿಲಲ್ಲಿ ಅವನ ಜೀವ ಹೋಯಿತು. ತನ್ನ ನೆಲದ ಮೇಲೆ ಇನ್ನೊಬ್ಬನ ಕಾಲು ಮುರಿಯದಿರಲಿ ಎಂಬುದು ಅಂದಿನಿಂದ ಮೌಲಾಸಾಬನ ಐದು ಹೊತ್ತಿನ ಬೇಡಿಕೆಯಾಯಿತು.

1944ರ ಶ್ರಾವಣ. ಯುದ್ಧದ ದೆಸೆಯಿಂದ ಗ್ಯಾಸಬತ್ತಿಗೆ ಸೀಮೆಎಣ್ಣೆ ಸಿಗದೆ ಆಟ ಹಗಲಿಗೇ ಬಂದಿತ್ತು. ಎರಡು ದಿನದ ಮಳೆಗೆ ಎರೆಮಣ್ಣು ಕಾಲು ನುಂಗುತ್ತಿತ್ತು. ರಾಕ್ಷಸನ ವೇಷ ಸಾಬಣ್ಣನದು. ಕಲ್ಲುಗಣಿಯಲ್ಲಿ ದುಡಿಯುವ ಆಳು, ಹಾರಿ ಬಿದ್ದನೆಂದರೆ ಅಟ್ಟವೇ ನಡುಗುತ್ತಿತ್ತು. ಅವನು ಕುಣಿಯುವ ಎಡಮಗ್ಗುಲಿಗೆ ಮೌಲಾಸಾಬ ಊರಿನ ಅತಿ ಗಟ್ಟಿ ಬಾಗಿಲನ್ನೇ ಆರಿಸಿದ. ಅದು ಮೇಲೋಣಿಯ ಗುರಲಿಂಗಪ್ಪಗೌಡರ ಸಾಗವಾನಿ ಬಾಗಿಲು. ಅದರ ಮೇಲೆ ಲಿಂಗ ಕೆತ್ತಿದ್ದರು. ಮೌಲಾಸಾಬ ಅದಕ್ಕೆ ಒಗೆದ ಧೋತರ ಸುತ್ತಿ, ಕೆತ್ತನೆಯನ್ನು ಕೆಳಮುಖ ಮಾಡಿ ಹಾಸಿದ್ದ.

ಮದ್ದಳೆ ಶುರುವಾದಾಗ ಗೌಡ ಕೊಡಲಿ ಹಿಡಿದು ಬಂದ.

"ಲೇ ಮೌಲ್ಯಾ, ನಮ್ಮ ಹಿರ್‍ಯಾರ ಬಾಗಲಾ ರಾಕ್ಷಸನ ಕಾಲಾಗ ಹಾಕಿಯೇನಲೇ?"

"ಗಟ್ಟಿ ಇದ್ದದ್ದು ಅದೊಂದರೀ ಗೌಡ್ರ. ಲಿಂಗಾ ಕೆಳಗ ಮಾಡೇನ್ರಿ, ಅರಿವಿ ಸುತ್ತೇನಿ. ಒಮ್ಮೆ ಬಗ್ಗಿ ನೋಡ್ರಿ."

"ಕೆಳಓಣಿಯವ್ರು ಎಷ್ಟ ಕೊಟ್ರು ನಿನಗ, ನನ್ನ ಮಾನ ತುಳಸಾಕ?"

ಗೌಡ ಬಗ್ಗಲಿಲ್ಲ. ಕೊಡಲಿಯ ಅಲಗಿನಿಂದ ಬಾಗಿಲನ್ನು ಮೀಟತೊಡಗಿದ. ಮೌಲಾಸಾಬ ಎಡಗೈ ಚಾಚಿ ಅಂಚನ್ನು ಅದುಮಿ ಹಿಡಿದ. ಗೌಡ ಕೊಡಲಿ ತಿರುಗಿಸಿ ಹಿಂಬದಿಯಿಂದ ಆ ಕೈ ಮೇಲೇ ಹೊಡೆದ. ಹಸಿ ಜೋಳದ ದಂಟು ಮುರಿದಂಥ ಸದ್ದು. ಎರಡನೆಯ ಪೆಟ್ಟಿಗೆ ಬೆರಳುಗಳು ಚಪ್ಪಟೆಯಾಗಿ ರಕ್ತ ಸಾಗವಾನಿಯ ಗೆರೆ ಹಿಡಿದು ಹರಿಯಿತು. ಮೂರನೆಯದು ಪಕ್ಕೆಗೆ. ಮೌಲಾಸಾಬ ಕೆಸರಿಗೆ ಬಿದ್ದ. ಬಾಗಿಲು ಗೌಡನ ಆಳುಗಳ ಹೆಗಲೇರಿ ಮನೆಗೆ ಹೋಯಿತು. ಕೊಡಲಿ ಊರಿಕೊಂಡು ಗೌಡ ಮುಂದಿನ ಸಾಲಿನಲ್ಲೇ ಕೂತ.

ಆಟ ಮಾಡಿಸುವ ಶಂಕ್ರೆಪ್ಪ, "ಮಂದಿ ಕುಂತೈತಿ, ಏನರೆ ಹಾಕಿ ಮುಚ್ಚೋ" ಎಂದ. ಉಳಿದದ್ದು ಹುಳು ಹಿಡಿದ ಮಾವಿನ ಬಾಗಿಲೊಂದೇ. ಮೌಲಾಸಾಬ ಒಂದೇ ಕೈಯಲ್ಲಿ ಅದನ್ನು ಎಳೆದು ಹಾಸಿದ. ಅಡಿಗೆ ಕಂಬ ಕೊಡಲು ಹೋದರೆ ಕಂಬ ಕೆಸರಲ್ಲಿ ಇಳಿದುಹೋಯಿತು.

"ಒಂದ ಚಪ್ಪಡಿ ಕಲ್ಲರೆ ಕೊಡ್ರಿ" ಎಂದು ಕೂಗಿದ. ಗೌಡನ ಕೈಯಲ್ಲಿ ಕೊಡಲಿಯಿತ್ತು. ಯಾರೂ ಏಳಲಿಲ್ಲ.

ಅವನು ಪರದೆಯ ಹಿಂದೆ ಸಾಬಣ್ಣನನ್ನು ಹುಡುಕಿದ. "ಎಡಕ್ಕ ಹಾರಬ್ಯಾಡಪಾ. ನಡಕೋತ ಹೋಗು."

"ರಾಕ್ಷಸ ಬಸುರಿ ನಡದಾಂಗ ನಡೀಲೇನು ಕಾಕಾ?" ಎಂದು ನಕ್ಕ ಸಾಬಣ್ಣ ಅವನ ಕೈ ನೋಡಿ ಕಿರೀಟ ಕೆಳಗಿಟ್ಟ. "ಕಿರೀಟಾ ತಲಿಗೆ ಬಂದ ಮ್ಯಾಲ ಈ ಕಾಲು ನನ್ನ ಮಾತು ಕೇಳಂಗಿಲ್ಲ. ನಿನ್ನ ಮುಂದ ಸುಳ್ಳ್ಯಾಕ ಹೇಳಲಿ."

ಮೌಲಾಸಾಬ ಅಟ್ಟದ ಕೆಳಗೆ ತೆವಳಿ, ಮಾವಿನ ಬಾಗಿಲಿನ ಅಡಿ ಮೊಣಕಾಲೂರಿ, ಬಲಹೆಗಲನ್ನು ಮರಕ್ಕೆ ಕೊಟ್ಟ.

ಮೊದಲ ಜಿಗಿತಕ್ಕೆ ಹಲ್ಲು ನಾಲಗೆಯನ್ನು ಕಚ್ಚಿತು. ಎರಡನೆಯದಕ್ಕೆ ಮೊಣಕಾಲು ಕೆಸರಲ್ಲಿ ಗೇಣುದ್ದ ಇಳಿಯಿತು. ಮೇಲೆ ಸಾಬಣ್ಣ ಅಬ್ಬರಿಸುತ್ತಿದ್ದ, ಮಂದಿ ಕೇಕೆ ಹಾಕುತ್ತಿದ್ದರು. ಕೆಳಗೆ ಪ್ರತಿ ಹೆಜ್ಜೆಯೂ ಸುತ್ತಿಗೆಯಂತೆ ಹೆಗಲಿನ ಅದೇ ಎಲುಬಿಗೆ ಬೀಳುತ್ತಿತ್ತು. ಯುದ್ಧದ ಸನ್ನಿವೇಶದಲ್ಲಿ ಎಲುಬು ಚಟ್ಟೆಂದು ಮುರಿಯಿತು. ಅವನು ಹೊರಳಿ ಎಡಹೆಗಲು ಕೊಟ್ಟ. ಜಜ್ಜಿದ ಕೈ ಕೆಳಗೆ ಜೋತಾಡುತ್ತಿತ್ತು. ಬಾಗಿಲು ಉದ್ದಕ್ಕೆ ಸೀಳಿ, ಮರದ ಪುಡಿಯೂ ಹುಳುವೂ ಅವನ ಕಣ್ಣಿಗೆ ಉದುರಿದವು. ಸೀಳು ಅಗಲವಾಗಲಿಲ್ಲ. ರಾಕ್ಷಸ ಸಾಯುವ ಹೊತ್ತಿಗೆ, ಸಾಬಣ್ಣ ಅಂಗಾತ ಬಿದ್ದಾಗ, ಆ ಇಡೀ ಭಾರ ಒಮ್ಮೆಲೇ ಬಂತು. ಅದನ್ನೂ ಮೌಲಾಸಾಬ ಹೊತ್ತ.

ಅವನನ್ನು ಹೊರಗೆಳೆದದ್ದು ಬಣ್ಣ ಅಳಿಸದ ಸಾಬಣ್ಣನೇ. ಮೌಲಾಸಾಬನ ಹೆಂಡತಿ ಮಾಸುಮಬಿ ಓಡಿಬಂದಾಗ ರಾಕ್ಷಸನೊಬ್ಬ ತನ್ನ ಗಂಡನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಳುತ್ತಿದ್ದ.

"ಕಾಲು ನೆಟ್ಟಗದಾವೇನು?" ಎಂದು ಮೌಲಾಸಾಬ ಕೇಳಿದ.

"ಅದಾವ ಕಾಕಾ."

"ಹಂಗಾರ ಮುಗೀತು ಬಿಡು."

ಗುರಲಿಂಗಪ್ಪ ಎಂದೂ ತಪ್ಪಾಯಿತು ಎನ್ನಲಿಲ್ಲ. ಮೌಲಾಸಾಬನ ಎಡಗೈ ಮುಷ್ಟಿ ಮತ್ತೆ ಬಿಚ್ಚಲಿಲ್ಲ. ಬಲಗೈ ಎದೆಗಿಂತ ಮೇಲೇರಲಿಲ್ಲ. ನಮಾಜಿಗೆ ನಿಂತರೆ ಕಿವಿಯವರೆಗೆ ಏರಬೇಕಾದ ಕೈ ಅಲ್ಲಿಗೇ ನಿಲ್ಲುತ್ತಿತ್ತು. ಉಳಿ ಸುತ್ತಿಗೆಗಳನ್ನು ಮಾಸುಮಬಿ ಇಬ್ರಾಹಿಂಪುರದ ಬಡಗಿಗೆ ಕೊಟ್ಟುಬಿಟ್ಟಳು.

ಮರುವರ್ಷ ಬಾಗಿಲು ಆರಿಸಲು ಊರವರು ಅವನನ್ನೇ ಕರೆತಂದು ಕೂರಿಸಿದರು. ಸಾಗವಾನಿ ಬಾಗಿಲು ಚಕ್ಕಡಿಯಲ್ಲಿ ಬಂತು. ಹೊಡೆದುಕೊಂಡು ಬಂದವನು ಗೌಡನೇ. ಇಳಿಸಿದ ಮೇಲೆ ಮೊದಲ ಸಲ ಬಗ್ಗಿ ನೋಡಿದ. ಅಂಚಿನ ಗೆರೆಗಳಲ್ಲಿ ರಕ್ತ ಕಪ್ಪಾಗಿ ಕೂತಿತ್ತು.

"ಎಲ್ಲಿ ಹಾಕಸ್ತಿ?"

"ಅಲ್ಲೇ ರೀ. ರಾಕ್ಷಸನ ಕಾಲಾಗ."

ಗೌಡ ಹೆಗಲ ಮೇಲಿನ ತನ್ನ ಶಲ್ಯ ತೆಗೆದು ಕೆತ್ತನೆಗೆ ಸುತ್ತಿ, ತಾನೇ ಒಂದು ತುದಿ ಹಿಡಿದು ಕೆಳಮುಖ ಹಾಸಿದ.

ಆ ದಿನ ಸಾಬಣ್ಣ ಮನಸೋ ಇಚ್ಛೆ ಹಾರಿದ. ನೆಲ ಅಲುಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಮೌಲಾಸಾಬ ಮಾತ್ರ ಒಂದೊಂದು ಜಿಗಿತಕ್ಕೂ ಹಲ್ಲು ಕಚ್ಚಿ, ಮುರಿದ ಹೆಗಲನ್ನು ಮೇಲೆತ್ತುತ್ತಿದ್ದ.