ನಾಲ್ಕನೇ ಸಾಲಿನಲ್ಲಿ ಸಪ್ಪಳ ಇಳಿದಾಗ

ಆ ಬೇಸಿಗೆಯಲ್ಲಿ ನನಗೆ ಹಗಲು ಪಾಳಿಯಿತ್ತು. ಹೈದರಾಬಾದಿನ ಹೊರವಲಯದ ಒಂದು ಡೇಟಾ ಸೆಂಟರಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ಸರ್ವರ್‌ಗಳಿರುವ ಹಾಲಿನೊಳಗೆ ನೆಲ ಒರೆಸುವವರನ್ನು ಒಂಟಿಯಾಗಿ ಬಿಡುವಂತಿರಲಿಲ್ಲ, ನಮ್ಮಲ್ಲೊಬ್ಬರು ಜೊತೆಗಿರಬೇಕು. ಯಾರಿಗೂ ಬೇಡವಾದ ಆ ಕೆಲಸ ನನ್ನ ಪಾಲಿಗೆ ಬಂತು.

ಒರೆಸಲು ಬರುತ್ತಿದ್ದವರು ಐವತ್ತರ ಆಸುಪಾಸಿನ ಹೆಂಗಸು. ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಎಷ್ಟೋ ದಿನ ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿದೆವು. ಒಮ್ಮೆ ಸರ್ವರ್‌ಗಳನ್ನು ಜೋಡಿಸಿಟ್ಟ ರ‍್ಯಾಕಿನ ಬಾಗಿಲಿಗೆ ಮೊಣಕಾಲು ಬಡಿದು "ಯಪ್ಪಾ, ಸತ್ನೆವ್ವಾ" ಎಂದು ಕೂತುಬಿಟ್ಟರು. ಅಲ್ಲಿ ನಮ್ಮ ಕನ್ನಡ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಅವರು ಯಾದಗಿರಿ ಕಡೆಯವರು. ನಾನು ಹುಟ್ಟಿದ್ದು ಇಲ್ಲೇ ಆದರೂ, ಅಪ್ಪ ರಕ್ಷಣಾ ಕಾರ್ಖಾನೆಯೊಂದರ ನೌಕರಿಗೆಂದು ಧಾರವಾಡದಿಂದ ಬಂದವರು. ಅಂದಿನಿಂದ ನಾನು ಅವರಿಗೆ "ಅಕ್ಕಾರ" ಆದೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಒಳಗೆ ಹೋಗಿದ್ದೆವು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ. ನಾಲ್ಕನೇ ಸಾಲಿನಲ್ಲಿ ಒರೆಸುತ್ತಿದ್ದವರು ಥಟ್ಟನೆ ನಿಂತರು.

"ಅಕ್ಕಾರ, ಇಲ್ಲಿ ಯಾರೋ ಅದಾರ್ರಿ."

"ಯಾರೂ ಇಲ್ಲವ್ವಾ. ನಾವಿಬ್ಬರ ಅದೀವಿ."

"ಮತ್ತ ಈ ಅಲಮಾರಿ ಸಪ್ಪಳ ಯಾಕ ಇಳೀತು? ದಿನಾ ಇದ ಹೊತ್ತಿಗೆ ಇಳೀತೈತಿ. ಸ್ವಲ್ಪ ಹೊತ್ತಿಗೆ ಮತ್ತ ಏರ್ತೈತಿ."

ನೂರಾರು ಫ್ಯಾನುಗಳು ಒಟ್ಟಿಗೆ ಕೂಗುವ ಜಾಗ ಅದು. ನನಗೆ ಏನೂ ಬೇರೆಯೆನಿಸಲಿಲ್ಲ. ಅವರು ನನ್ನ ತೋಳು ಹಿಡಿದು ಒಂದು ರ‍್ಯಾಕಿನ ಮುಂದೆ ನಿಲ್ಲಿಸಿದರು, ಆಮೇಲೆ ಪಕ್ಕದ್ದರ ಮುಂದೆ. ಆಗ ಗೊತ್ತಾಯಿತು. ಒಂದು ಅರಚುತ್ತಿತ್ತು, ಇನ್ನೊಂದು ಪಿಸುಗುಟ್ಟುತ್ತಿತ್ತು. ಪಿಸುಗುಟ್ಟುತ್ತಿದ್ದ ರ‍್ಯಾಕಿನಲ್ಲೂ ದೀಪಗಳೆಲ್ಲ ಹಸಿರಾಗಿಯೇ ಇದ್ದವು.

"ಇಷ್ಟು ಗದ್ದಲದಾಗ ನಿಮಗ ಹೆಂಗ ಕೇಳಿಸ್ತು?"

"ಮೊದಲ ಹತ್ತಿ ಗಿರಣ್ಯಾಗ ದುಡೀತಿದ್ನಿರಿ. ಅಲ್ಲಿ ಒಂದು ಮಿಷನ್ನಿನ ಸಪ್ಪಳ ಇಳೀತಂದ್ರ ಯಾರದೋ ಕೈ ಸಿಕ್ಕೈತಿ ಅಂತ ಅರ್ಥ. ಎಲ್ಲಾರೂ ಓಡಬೇಕು. ಎರಡು ಸಲ ಓಡೀನಿ." ಅವರು ರ‍್ಯಾಕಿನ ಕೆಳಗೆ ಬಗ್ಗಿ ನೋಡಿದರು, ಅಲ್ಲಿ ನಿಜಕ್ಕೂ ಒಂದು ಕೈ ಕಾಣಬಹುದೆನ್ನುವಂತೆ.

ಕೆಲವು ನಿಮಿಷಗಳಲ್ಲಿ ಸಪ್ಪಳ ತಾನಾಗಿ ಏರಿತು.

ಮ್ಯಾನೇಜರಿಗೆ ಹೇಳಿದೆ. ಅವರು ಪರದೆ ತೋರಿಸಿ, "ಅಂತಾ ಗ್ರೀನೇ ಕದಮ್ಮಾ" ಎಂದರು, ಎಲ್ಲ ಹಸಿರೇ ಇದೆಯಲ್ಲ ಎಂದು. ಪರದೆಯ ಮಟ್ಟಿಗೆ ಅವರ ಮಾತು ನಿಜ. ಆದರೆ ಆ ರ‍್ಯಾಕಿನಲ್ಲಿ ಒಂದು ಆಸ್ಪತ್ರೆಯ ಸರ್ವರ್‌ಗಳಿದ್ದವು. ಮಧ್ಯಾಹ್ನ ಸ್ವಲ್ಪ ಹೊತ್ತು ಎಲ್ಲ ನಿಂತುಹೋಗುತ್ತದೆ ಎಂದು ಆಸ್ಪತ್ರೆಯವರಿಂದ ಆಗಾಗ ದೂರು ಬರುತ್ತಿತ್ತು. ನಾವು ನೋಡುವ ಹೊತ್ತಿಗೆ ಸರಿಯಾಗಿರುತ್ತಿದ್ದರಿಂದ 'ದೋಷ ಕಂಡಿಲ್ಲ' ಎಂದು ಬರೆದು ಮುಚ್ಚುತ್ತಿದ್ದೆವು. ಅವುಗಳಲ್ಲಿ ಮೂರನ್ನು ಮುಚ್ಚಿದವಳು ನಾನೇ.

ಕ್ಯಾಮೆರಾದ ದೃಶ್ಯ ತೆಗೆಸಿದೆ. ಹಿಂದಿನ ದಿನದ ಅದೇ ಹೊತ್ತು. ನಾಲ್ಕನೇ ಸಾಲು ಖಾಲಿ, ನಾವಿಬ್ಬರೂ ಆಗ ಪಕ್ಕದ ಸಾಲಿನಲ್ಲಿದ್ದೆವು. ನೋಡುತ್ತಿದ್ದಂತೆ ರ‍್ಯಾಕಿನ ಬದಿಯಲ್ಲಿ ಜೋತುಬಿದ್ದಿದ್ದ ಒಂದು ಹಳದಿ ಕೇಬಲ್ ಮೆಲ್ಲಗೆ ಮೇಲೆದ್ದಿತು. ಯಾರೋ ಎರಡು ಬೆರಳಲ್ಲಿ ಹಿಡಿದು ಎತ್ತಿದ ಹಾಗೆ. ಬಾಗಿ, ಹಾಗೆಯೇ ನಿಂತಿತು. ಏಳು ನಿಮಿಷ. ಆಮೇಲೆ ಅಷ್ಟೇ ಮೆಲ್ಲಗೆ ಇಳಿಯಿತು. ಅದರ ಹಿಂದಿನ ದಿನವೂ ಹಾಗೆಯೇ. ಅದರ ಹಿಂದಿನ ದಿನವೂ. ಕ್ಯಾಮೆರಾ ಕೋಣೆಯಲ್ಲಿ ಒಬ್ಬಳೇ ಕೂತು ನೋಡಲಾಗದೆ ಎದ್ದು ಹೋಗಿ ಬಾಗಿಲು ತೆರೆದಿಟ್ಟು ಬಂದೆ.

ಕಾರಣ ಸರಳವಾಗಿತ್ತು. ಬಿಸಿಲು ಏರಿದಾಗ ಎರಡನೇ ಎಸಿ ಕೆಲವು ನಿಮಿಷ ಓಡುತ್ತಿತ್ತು, ಆಗ ನೆಲದ ತೂತುಗಳಿಂದ ಗಾಳಿ ಜೋರಾಗಿ ಮೇಲೆ ನುಗ್ಗುತ್ತಿತ್ತು. ಯಾರೋ ಕಟ್ಟದೆ ಬಿಟ್ಟ ಕೇಬಲನ್ನು ಅದು ಎತ್ತುತ್ತಿತ್ತು. ಆ ಕೇಬಲ್ಲೇ ಅಪ್‌ಲಿಂಕ್, ರ‍್ಯಾಕಿನ ಸ್ವಿಚ್ಚಿನಿಂದ, ಅಂದರೆ ಸರ್ವರ್‌ಗಳ ಮಾತನ್ನು ಹಂಚುವ ಪೆಟ್ಟಿಗೆಯಿಂದ, ಹೊರಜಗತ್ತಿಗೆ ಹೋಗುವ ದಾರಿ. ಬೆಳಕಿನಲ್ಲಿ ಮಾತು ಸಾಗಿಸುವ ಆ ಫೈಬರ್ ಅತಿಯಾಗಿ ಬಾಗಿದಾಗ ಒಳಗಿನ ಬೆಳಕು ಕುಂದುತ್ತಿತ್ತು. ಲಿಂಕ್ ಇದೆ ಎಂದು ದೀಪ ಉರಿಯಲು ಅಷ್ಟು ಬೆಳಕು ಸಾಕು, ಮಾತು ದಾಟಿಸಲು ಸಾಲದು. ನಮ್ಮ ಪರದೆ ಬೇರೆಯದೇ ತಂತಿಯಲ್ಲಿ ಸ್ವಿಚ್ಚನ್ನು ವಿಚಾರಿಸುತ್ತಿದ್ದುದರಿಂದ ಅದು 'ಚೆನ್ನಾಗಿದ್ದೇನೆ' ಎನ್ನುತ್ತಿತ್ತು. ಪ್ರತಿ ರ‍್ಯಾಕಿನಲ್ಲೂ ಇಂಥ ಸಮಯಕ್ಕೆಂದೇ ಎರಡನೇ ಸ್ವಿಚ್ ಇರುತ್ತದೆ. ಆದರೆ ಮೊದಲನೆಯದರ ಪೋರ್ಟ್, ಸರ್ವರಿನ ತಂತಿ ಸಿಕ್ಕಿಸುವ ಕಿಂಡಿ, ಬದುಕಿರುವಷ್ಟು ಹೊತ್ತು ಸರ್ವರ್‌ಗಳು ಅತ್ತ ತಿರುಗುವುದಿಲ್ಲ. ಯಾರೂ ಕೇಳದ ಕಡೆಗೇ ಮಾತಾಡುತ್ತಿದ್ದವು. ಹೊರಗಿನಿಂದ ಕೆಲಸ ಬಾರದೆ ತಣ್ಣಗಾಗಿ, ಫ್ಯಾನುಗಳು ನಿಧಾನವಾಗುತ್ತಿದ್ದವು. ನೆಲ ಒರೆಸುವವರಿಗೆ ಕೇಳಿಸಿದ್ದು ಅದು.

ಸ್ವಿಚ್ ತಾನೇ ಬರೆದಿಡುವ ಲಾಗ್ ತೆಗೆದಾಗ ತಪ್ಪುಗಳ ಎಣಿಕೆ ಎರಡು ತಿಂಗಳ ಹಿಂದಿನಿಂದಲೂ ಇತ್ತು. ಯಾರೂ ಅದಕ್ಕೆ ಎಚ್ಚರಿಕೆಯ ಗಂಟೆ ಕಟ್ಟಿರಲಿಲ್ಲ.

ಕೇಬಲ್ ಬದಲಿಸಿ ಬಿಗಿದು ಕಟ್ಟಿದರೆ ಒಂದು ರ‍್ಯಾಕ್ ಸರಿಯಾಗುತ್ತಿತ್ತು. ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಎಲ್ಲ ಸ್ವಿಚ್ಚುಗಳಿಗೂ ಒಂದು ನಿಯಮ ಬರೆದೆ. ಪ್ರತಿ ಸೆಕೆಂಡಿಗೂ ಅಪ್‌ಲಿಂಕಿನಾಚೆಗೆ ಒಂದು ಸಣ್ಣ ಕರೆ ಕಳಿಸಬೇಕು. ಮೂರು ಸಲ ಉತ್ತರ ಬಾರದಿದ್ದರೆ ಸರ್ವರ್ ಕಡೆಯ ಪೋರ್ಟ್‌ಗಳನ್ನು ಸ್ವಿಚ್ ತಾನೇ ಮುಚ್ಚಿಬಿಡಬೇಕು. ಆಗ ಸರ್ವರ್‌ಗಳು ಇನ್ನೊಂದಕ್ಕೆ ತಿರುಗುತ್ತವೆ.

ಪರೀಕ್ಷೆಯ ದಿನ ನೆಲ ಒರೆಸುತ್ತ ಅವರೂ ಒಳಗಿದ್ದರು. ಅನುಮತಿ ಪಡೆದು ಅಪ್‌ಲಿಂಕ್ ಕಿತ್ತೆ. ಒಂದು, ಎರಡು, ಮೂರು. ಸ್ವಿಚ್ಚಿನ ಹಸಿರು ದೀಪಗಳ ಸಾಲು ಒಮ್ಮೆಗೇ ಆರಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದರು.

"ಸತ್ತವೇನ್ರಿ?"

"ಇಲ್ಲವ್ವಾ, ಆ ಕಡಿ ಹೋದವು. ಕೇಳ್ರಿ."

ಕೆಳಗಿನ ಸ್ವಿಚ್ಚಿನಲ್ಲಿ ದೀಪಗಳು ಮಿನುಗತೊಡಗಿದ್ದವು. ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ ಬಹಳ ಹೊತ್ತು ಕೇಳಿಸಿಕೊಂಡರು. "ಇಳೀಲಿಲ್ಲ ಬಿಡ್ರಿ" ಎಂದು ಮಾಪ್ ಎತ್ತಿಕೊಂಡರು.

ವರದಿಯಲ್ಲಿ ನಾನು ಅವರ ಬಗ್ಗೆ ಬರೆದಿದ್ದೆ. ಮ್ಯಾನೇಜರು ಅದನ್ನು ಅಳಿಸಿ 'ದಿನನಿತ್ಯದ ತಪಾಸಣೆಯಲ್ಲಿ ಕಂಡುಬಂತು' ಎಂದು ತಿದ್ದಿದರು. ನಾನು ಜಗಳವಾಡಲಿಲ್ಲ, ಆಡಬೇಕಿತ್ತು. ಮಳೆಗಾಲ ಬರುವಷ್ಟರಲ್ಲಿ ಗುತ್ತಿಗೆದಾರ ಅವರನ್ನು ಬೇರೆ ಕಟ್ಟಡಕ್ಕೆ ಹಾಕಿದ. ಹೋಗುವ ದಿನ ಮಾತ್ರ ಅವರು ನನಗೊಂದು ಪ್ರಶ್ನೆ ಕೇಳಿದರು: "ಅಕ್ಕಾರ, ಆ ಎರಡು ತಿಂಗಳು ಅವು ಕಳಿಸಿದ್ದೆಲ್ಲ ಎಲ್ಲಿಗೆ ಹೋತ್ರಿ?"

ಎಲ್ಲಿಗೂ ಹೋಗಲಿಲ್ಲ ಎಂದೆ. ಅವರು ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ. ಈಗಲೂ ಮಧ್ಯಾಹ್ನದ ಹೊತ್ತು ಆ ಸಾಲುಗಳ ನಡುವೆ ಒಬ್ಬಳೇ ನಡೆಯುವಾಗ, ನಾನು ಪರದೆಯನ್ನಷ್ಟೇ ನಂಬಿಕೊಂಡಿರುವುದಿಲ್ಲ. ಪ್ರತಿ ರ‍್ಯಾಕಿನ ಮುಂದೆ ಒಂದು ಕ್ಷಣ ನಿಂತು ಕಿವಿಗೊಡುತ್ತೇನೆ.